ವಾಲಿಕಾರನ ಮಾನ್ಯ: ಚೀಕಲಪರ್ವಿ ದಂಡೆಯಿಂದ ಕಂಡ ಊರಾಳಿಕೆ

ಚೀಕಲಪರ್ವಿ ಅಂದಕೂಡಲೇ ನಮ್ಮ ರಾಯಚೂರು ಸೀಮೆಯಲ್ಲಿ ಯಾರನ್ನು ಕೇಳಿದರೂ ಬರುವ ಮಾತು ಒಂದೇ: ವಿಜಯದಾಸರು ಹುಟ್ಟಿದ ಊರು. ಮಾನ್ವಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಈ ಹಳ್ಳಿಯಲ್ಲಿ 1682ರಲ್ಲಿ ಅವರು ಹುಟ್ಟಿದರು. ಬಡತನದಲ್ಲಿ ಬೆಳೆದರು, ಊರೂರು ತಿರುಗಿದರು, ಸಂಸ್ಕೃತದ ಬಾಗಿಲ ಹಿಂದೆ ಬೀಗ ಹಾಕಿಟ್ಟಿದ್ದ ಮಾತುಗಳನ್ನು ಕನ್ನಡಕ್ಕೆ ತಂದು ಹಾಡಿದರು. 1755ರಲ್ಲಿ ಚಿಪ್ಪಗಿರಿಯಲ್ಲಿ ತೀರಿಕೊಂಡರು. ಅವರ ಹಿಂದೆ ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಬಂದರು. ಇದೆಲ್ಲ ಪುಸ್ತಕಗಳಲ್ಲಿದೆ, ಮಕ್ಕಳಿಗೆ ಪಾಠ ಮಾಡುತ್ತೇವೆ. ನಾನೂ ಮಾಡಿದ್ದೇನೆ.

ಒಂದು ದಿನ ಪಾಠ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಆವಾಗ ನಮ್ಮ ಮಂದಿ ಊರಾಗ ಏನ್ ಮಾಡ್ತಿದ್ರು ರೀ?" ಅಂದ. ನಮ್ಮ ಮಂದಿ ಅಂದರೆ ಯಾರು ಅನ್ನುವುದು ಅವನಿಗೂ ಗೊತ್ತು, ನನಗೂ ಗೊತ್ತು. ನಾನೂ ಅದೇ ಕೇರಿಯಿಂದ ಬಂದವನು. ನನ್ನ ಮುತ್ಯಾ ಅದೇ ತಾಲೂಕಿನ ಇನ್ನೊಂದು ಹಳ್ಳಿಯಲ್ಲಿ ವಾಲಿಕಾರನಾಗಿದ್ದ. ಆದರೂ ಆವತ್ತು ಗಂಟೆ ಹೊಡೆದದ್ದು ನನಗೆ ಉಪಕಾರವಾಯಿತು ಅಂತ ಹೇಳಲು ನಾಚಿಕೆಯಾಗುತ್ತದೆ. ಈ ಬರಹ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ.

ಊರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ರಾಜರಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿ ಬೇಗ ಮುಗಿಸುತ್ತೇನೆ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿಗಾಗಿ ಹೊಡೆದಾಡದ ದೊರೆಯೇ ಇಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. 1565ರ ನಂತರ ವಿಜಾಪುರದ ಆದಿಲಶಾಹಿಗಳ ಕೈಗೆ ಹೋಯಿತು. ವಿಜಯದಾಸರು ನಾಲ್ಕು ವರ್ಷದ ಕೂಸಾಗಿದ್ದಾಗ, 1686ರಲ್ಲಿ, ಔರಂಗಜೇಬ ವಿಜಾಪುರವನ್ನು ಮುರಿದ. 1724ರಿಂದ ಹೈದರಾಬಾದಿನ ನಿಜಾಮ. 1853ರಲ್ಲಿ ನಿಜಾಮನ ಸಾಲದ ಲೆಕ್ಕಕ್ಕೆ ರಾಯಚೂರು ದೋಆಬನ್ನು ಇಂಗ್ಲಿಷರು ಕಿತ್ತುಕೊಂಡರು, 1860ರಲ್ಲಿ ತಿರುಗಿ ಕೊಟ್ಟರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು.

ಧ್ವಜಗಳು ಬದಲಾದವು. ಆದರೆ ನಮ್ಮ ಹಳ್ಳಿಗಳ ಅಗಸಿಯ ಒಳಗೆ ಯಾರು ಆಳಿದರು? ಅದು ಬದಲಾಗಲಿಲ್ಲ. ಗೌಡ ಆಳಿದ, ಕುಲಕರ್ಣಿ ಬರೆದ. ದಂಡು ಯಾವುದೇ ಬರಲಿ, ಅದಕ್ಕೆ ಕಂದಾಯ ಬೇಕು, ಕಾಳು ಬೇಕು, ಹುಲ್ಲು ಬೇಕು. ಅದನ್ನು ಎತ್ತಿಕೊಡುವವರು ಇಬ್ಬರು ಊರಲ್ಲಿದ್ದರೆ ಸಾಕು, ದೊರೆ ಯಾವ ದೇವರಿಗೆ ಕೈ ಮುಗಿದರೂ ನಡೆಯುತ್ತಿತ್ತು. ಈ ಇಬ್ಬರ ಕೆಳಗೆ ಆಯಗಾರರು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಜಾಮ, ತಳವಾರ ಎಲ್ಲರಿಗೂ ಕಣದಲ್ಲಿ ರಾಶಿಯಾದಾಗ ಇಷ್ಟಿಷ್ಟು ಜೋಳ. ಎಲ್ಲರ ಕೊನೆಗೆ, ರಾಶಿಯ ಬುಡದಲ್ಲಿ ಮಣ್ಣು ಸೇರಿದ ಕಾಳಿಗೆ ಸೆರಗೊಡ್ಡುವವರು ಹೊಲೆಯರು, ಮಾದಿಗರು.

1860ರ ದಶಕದಲ್ಲಿ ದಿವಾನ ಸಾಲಾರ್ ಜಂಗ್ ಹೈದರಾಬಾದ್ ರಾಜ್ಯವನ್ನು ಜಿಲ್ಲೆ ತಾಲೂಕುಗಳಾಗಿ ಹಂಚಿ ಕಟ್ಟಿದ. ಆಗ ಊರ ಹಿರಿತನವೂ ಸರ್ಕಾರಿ ಹೆಸರು ಪಡೆಯಿತು. ಕಂದಾಯ ಎತ್ತುವವನು ಮಾಲಿ ಪಾಟೀಲ, ಬಂದೋಬಸ್ತು ನೋಡುವವನು ಪೊಲೀಸ್ ಪಾಟೀಲ, ಲೆಕ್ಕದವನು ಕುಲಕರ್ಣಿ ಅಥವಾ ಪಟವಾರಿ. ಮೂರೂ ವತನಗಳು, ಅಪ್ಪನಿಂದ ಮಗನಿಗೆ. ಎತ್ತಿದ ಕಂದಾಯದಲ್ಲಿ ಇವರಿಗೆ ಪಾಲು. ಸುಧಾರಣೆ ಅಂತ ಚರಿತ್ರೆಕಾರರು ಇದನ್ನು ಕೊಂಡಾಡುತ್ತಾರೆ. ಮೇಲಿನ ಕಚೇರಿ ಸುಧಾರಿಸಿದ್ದು ಹೌದು. ಹಳ್ಳಿಗೆ ಬಂದರೆ, ಮೊದಲು ದೊಣ್ಣೆಯ ಬಲದಿಂದ ಆಳುತ್ತಿದ್ದವನ ಕೈಗೆ ಮೊಹರೂ ಬಂತು, ಅಷ್ಟೆ.

ಲೆಕ್ಕದ ಭಾಷೆಯ ಕಥೆ ಇನ್ನೊಂದು. ಹೈದರಾಬಾದಿನ ಕಚೇರಿ ಭಾಷೆ 1880ರ ದಶಕದವರೆಗೆ ಫಾರಸಿ, ಆಮೇಲೆ ಉರ್ದು. ಉಳುವವನು ಕನ್ನಡದವನು, ಅವನ ಹೊಲ ಕಾಗದದಲ್ಲಿ ಉರ್ದು. ನಡುವೆ ಕುಲಕರ್ಣಿ. ಅವನು ಓದಿ ಹೇಳಿದ್ದೇ ಕಾಗದ. ಇವತ್ತಿಗೂ ನಮ್ಮ ಬಾಯಲ್ಲಿ ಪಹಣಿ, ದಫ್ತರ, ಜಮಾಬಂದಿ, ಫಸಲಿ ಎಲ್ಲ ಇವೆ. ಬಾಯಿಗೆ ಬಂದ ಭಾಷೆ ಕಣ್ಣಿಗೆ ಮಾತ್ರ ಬರಲಿಲ್ಲ. ಕೇರಿಗಂತೂ ಯಾವ ಲಿಪಿಯೂ ಒಂದೇ.

ಈಗ ವಾಲಿಕಾರನ ಮಾತಿಗೆ ಬರೋಣ. ಊರಾಳಿಕೆ ಅಂದರೆ ಚಾವಡಿಯಲ್ಲಿ ಕೂತು ಮೀಸೆ ತಿರುವುವುದಲ್ಲ. ಅದು ಕೆಲಸ. ಆ ಕೆಲಸ ಮಾಡುತ್ತಿದ್ದವನು ಯಾರು?

ಕಂದಾಯದ ರೊಕ್ಕ ಗಂಟು ಕಟ್ಟಿ ತಾಲೂಕಿಗೆ ಹೋಗಬೇಕು. ಹೊತ್ತುಕೊಂಡು ಹೋಗುವವನು ವಾಲಿಕಾರ. ಗಂಟಿನ ಮೇಲೆ ಗೌಡರ ಮೊಹರು, ಕೆಳಗೆ ವಾಲಿಕಾರನ ತಲೆ. ದಾರಿಯಲ್ಲಿ ಒಂದು ದುಡ್ಡು ಕಡಿಮೆಯಾದರೆ ತಲೆ ಹೋಗುವುದು ಅವನದೇ. ಊರಿಗೆ ಅಮಲ್ದಾರ ಬಂದರೆ ಡೇರೆ ಹೊರುವುದು, ಕುದುರೆಗೆ ಹುಲ್ಲು, ಒಲೆಗೆ ಕಟ್ಟಿಗೆ ತರುವುದು ಇವನೇ. ಹಲಗಿ ಬಡಿದು ಡಂಗುರ ಸಾರುವುದು, ಸತ್ತ ಸುದ್ದಿ ಮುಟ್ಟಿಸುವುದು, ಸತ್ತ ದನ ಎಳೆಯುವುದು, ರಾತ್ರಿ ಅಗಸಿ ಕಾಯುವುದು, ತುಡುಗು ದನ ಹಿಡಿದು ದೊಡ್ಡಿಗೆ ಹೊಡೆಯುವುದು, ಬಾಕಿದಾರನ ಮನೆ ಮುಂದೆ ಹೋಗಿ ನಿಂತು ಚಾವಡಿಗೆ ಕರೆತರುವುದು ಎಲ್ಲ ಕೇರಿಯ ಕೆಲಸ. ಕರೆತಂದ ಮೇಲೆ? ಬಾಕಿದಾರ ಕಟ್ಟೆಗೆ ಹತ್ತುತ್ತಾನೆ, ಇವನು ಕೆಳಗೆ ನಿಲ್ಲುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಎಲ್ಲೆಯದು. ಎರಡು ಊರಿನ ಸೀಮೆ ತಕರಾರು ಬಂದರೆ ಕಲ್ಲು ಎಲ್ಲಿತ್ತು ಅಂತ ತೋರಿಸುವವನು ಹೊಲೆಯ. ಹಳೇ ಮೈಸೂರಿನ ಕಡೆ ಅವನನ್ನು ಕುಳವಾಡಿ ಅನ್ನುತ್ತಿದ್ದರು, ಅವನು ನಡೆದ ದಾರಿಯೇ ಎಲ್ಲೆ. ಯಾಕೆ ಗೊತ್ತೇನು? ಊರಿನವರು ಊರೊಳಗೆ ಇದ್ದರು, ಎಲ್ಲೆಯ ಮೇಲೆ ಬದುಕಿದವನು ಇವನೇ. ಇಡೀ ಊರಿನ ನೆಲ ಎಲ್ಲಿಂದ ಎಲ್ಲಿವರೆಗೆ ಅಂತ ಯಾರ ಮಾತಿನ ಮೇಲೆ ತೀರ್ಮಾನವಾಗುತ್ತಿತ್ತೋ, ಅವನಿಗೆ ಆ ನೆಲದಲ್ಲಿ ಸೇದುವ ಬಾವಿ ಇರಲಿಲ್ಲ.

ಈ ದುಡಿತಕ್ಕೆ ಕೂಲಿ ಏನು? ರಾಶಿಯಲ್ಲಿ ಆಯ, ಹಬ್ಬದಲ್ಲಿ ಹಳಸಿದ್ದು, ಎಲ್ಲೋ ಒಂದು ತುಂಡು ಮಾನ್ಯದ ಹೊಲ. ಅದೂ ಸಾಮಾನ್ಯವಾಗಿ ಊರಿನ ಕಲ್ಲುನೆಲ. ಇಷ್ಟಕ್ಕೆ ಇಡೀ ಕೇರಿ ಪಾಳಿ ಹಚ್ಚಿ ದುಡಿಯಬೇಕು. ನಮ್ಮ ಮುತ್ಯಾ ಹೇಳುತ್ತಿದ್ದ, "ಹೊಲ ನಮ್ದು ನಾಕು ಎಕರೆ, ಆದ್ರ ಅದನ್ನ ಹರಗಾಕ ನನಗ ಯಾವತ್ತೂ ದಿನ ಸಿಗಲಿಲ್ಲಪ್ಪ." ಚಾವಡಿಯ ಕೆಲಸಕ್ಕಾಗಿ ಹೊಲ, ಚಾವಡಿಯ ಕೆಲಸದಿಂದಾಗಿ ಹೊಲ ಬೀಳು. ಬಿತ್ತಿಗೆ ಇಲ್ಲದೆ ಸಾಲ, ಸಾಲಕ್ಕೆ ಮಗ ಜೀತ. ಹೈದರಾಬಾದ್ ರಾಜ್ಯದಲ್ಲಿ ಇದಕ್ಕೆ ಭಗೇಲಾ ಅಂತ ಹೆಸರು. 1936ರಲ್ಲಿ ನಿಜಾಮ ಸರ್ಕಾರ ಭಗೇಲಾ ಒಪ್ಪಂದಗಳ ಮೇಲೆ ಕಾಯಿದೆಯನ್ನೂ ತಂದಿತು. ಕಾಯಿದೆ ಉರ್ದುವಿನಲ್ಲಿ, ಜಾರಿ ಮಾಡುವವನು ಪಾಟೀಲ, ಜೀತಕ್ಕೆ ಇಟ್ಟುಕೊಂಡವನೂ ಪಾಟೀಲ. ಇನ್ನೇನಾಗುತ್ತದೆ?

ಚೀಕಲಪರ್ವಿಯ ದಂಡೆಯಲ್ಲಿ ನಿಂತು ಹೊಳೆಯ ಆಚೆ ನೋಡಿ. ಅದು ಆದವಾನಿ ಸೀಮೆ, ಈಗ ಆಂಧ್ರದ್ದು. 1800ರಲ್ಲಿ ನಿಜಾಮ ಆ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅಂದಿನಿಂದ 1948ರವರೆಗೆ ಈ ಹೊಳೆ ಎರಡು ಸರ್ಕಾರಗಳ ಗಡಿ. ಈಚೆ ನಿಜಾಮ, ಆಚೆ ಮದ್ರಾಸಿನ ಇಂಗ್ಲಿಷರು. ಆಚೆ ದಡಕ್ಕೆ ಬಂದ ಮೊದಲ ದೊಡ್ಡ ಕಲೆಕ್ಟರ್ ಥಾಮಸ್ ಮನ್ರೋ. 1800ರಿಂದ 1807ರವರೆಗೆ ಇದ್ದು ರೈತವಾರಿ ಪದ್ಧತಿ ಕಟ್ಟಿದವನು. ಅವನಿಗೆ ಹಳ್ಳಿಯ ಹಳೆಯ ಹಿರಿತನದ ಮೇಲೆ ಬಹಳ ಪ್ರೀತಿ. ಅವನ ಒತ್ತಾಯದಿಂದ 1816ರಲ್ಲಿ ಮದ್ರಾಸ್ ಸರ್ಕಾರ ಗ್ರಾಮ ಮುನ್ಸಿಫರನ್ನೂ ಗ್ರಾಮ ಪಂಚಾಯಿತಿಗಳನ್ನೂ ಕಾಯಿದೆಯಲ್ಲಿ ಒಪ್ಪಿಕೊಂಡಿತು.

ಅದೇ ವರ್ಷದ 11ನೇ ರೆಗ್ಯುಲೇಶನ್ನು ಊರ ಗೌಡನಿಗೆ ಸಣ್ಣ ತಪ್ಪುಗಳಿಗೆ ಶಿಕ್ಷೆ ಕೊಡುವ ಅಧಿಕಾರ ಕೊಟ್ಟಿತು. ಬೈಗುಳ, ಸಣ್ಣ ಹೊಡೆದಾಟದಂಥ ತಪ್ಪಿಗೆ ಚಾವಡಿಯಲ್ಲಿ ಹನ್ನೆರಡು ತಾಸು ಕೂಡಿಹಾಕಬಹುದು. ಆದರೆ ತಪ್ಪು ಮಾಡಿದವನು ಕೆಳಜಾತಿಯವನಾಗಿದ್ದರೆ, ಅಂಥ ಅವಮಾನದ ಶಿಕ್ಷೆ ಅವನಿಗೆ ಅಯೋಗ್ಯವೇನಲ್ಲ ಎಂಬ ಕಾರಣಕ್ಕೆ, ತೂತು ಕೊರೆದ ಮರದ ಕೊರಡಿಗೆ ಅವನ ಕಾಲು ಸಿಕ್ಕಿಸಿ ಆರು ತಾಸು ಎಲ್ಲರೆದುರು ಕೂಡಿಸಬಹುದು. ಒಂದೇ ತಪ್ಪು, ಜಾತಿ ನೋಡಿ ಶಿಕ್ಷೆ. ಇದು ಮನುಸ್ಮೃತಿಯಲ್ಲ, ಇಂಗ್ಲಿಷರ ಕಾಯಿದೆ ಪುಸ್ತಕ. ಈಚೆ ದಡದಲ್ಲಿ ಗೌಡ ರೂಢಿಯಿಂದ ಮಾಡುತ್ತಿದ್ದುದನ್ನು ಆಚೆ ದಡದಲ್ಲಿ ಅಚ್ಚು ಹಾಕಿಸಿ ಕೊಟ್ಟರು. ಬ್ರಿಟಿಷರು ಬಂದದ್ದರಿಂದ ನಮಗೆ ಬಿಡುಗಡೆಯಾಯಿತು ಎಂದು ಸಭೆಗಳಲ್ಲಿ ಭಾಷಣ ಮಾಡುವ ನಮ್ಮ ಕೆಲವು ಗೆಳೆಯರು ಈ ಸಂಗತಿಯನ್ನು ಒಮ್ಮೆ ನೋಡಬೇಕು. ಶಾಲೆ, ಪಲ್ಟಣ, ರೈಲು ಇವುಗಳಿಂದ ಕೆಲವರಿಗೆ ದಾರಿ ಸಿಕ್ಕಿತು, ಅಲ್ಲಗಳೆಯುವುದಿಲ್ಲ. ಊರೊಳಗೆ ಮಾತ್ರ ಅವರು ಕೈ ಹಾಕಲಿಲ್ಲ.

ಕೈ ಹಾಕದ್ದಷ್ಟೇ ಅಲ್ಲ, ಹಾಡಿ ಹೊಗಳಿದರು. 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಅಧಿಕಾರಿ ಭಾರತದ ಹಳ್ಳಿಗಳು ಪುಟ್ಟ ಪುಟ್ಟ ಗಣರಾಜ್ಯಗಳು ಎಂದು ಬರೆದ. ಆ ಮಾತು ಸೀಮೆಗೆ ಹೋಗಿ ತಿರುಗಿ ನಮ್ಮ ರಾಷ್ಟ್ರೀಯವಾದಿಗಳ ಬಾಯಿಗೆ ಬಂತು. ಅಲ್ಲಿಂದ ಗ್ರಾಮ ಸ್ವರಾಜ್ಯ. ಗಣರಾಜ್ಯ ಅಂದರೆ ಅದಕ್ಕೆ ಪ್ರಜೆಗಳು ಬೇಕಲ್ಲ? ಕೇರಿಯನ್ನು ಲೆಕ್ಕಕ್ಕೆ ಹಿಡಿದವರು ಯಾರು?

ಈ ಅಧಿಕಾರಿಗಳು ಎಂಥ ಹಳ್ಳಿಗಳನ್ನು ಬಿಟ್ಟು ಇಲ್ಲಿಗೆ ಬಂದವರು ಅಂತ ನಾನು ಹುಡುಕಿ ಓದಿದೆ. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಇಂಗ್ಲೆಂಡೆಂದರೆ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಇನ್ನೂ ಲಂಡನ್ನೇ. ಅಲ್ಲಿಯೂ ಹಳ್ಳಿಗಳಿವೆ, ಅಲ್ಲಿಯೂ ಗೌಡರಿದ್ದರು. ಜಮೀನ್ದಾರನಿಗೆ ಸ್ಕ್ವೈರ್ ಅನ್ನುತ್ತಿದ್ದರು. ಅವನೂ ಚರ್ಚಿನ ಪಾದ್ರಿಯೂ ಸೇರಿ ಊರಾಳುತ್ತಿದ್ದರು. ಊರ ಸಭೆ ಚರ್ಚಿನಲ್ಲೇ ಕೂಡುತ್ತಿತ್ತು, ಅದಕ್ಕೆ ವೆಸ್ಟ್ರಿ ಅಂತ ಹೆಸರು. 1818ರ ಕಾಯಿದೆಯ ಪ್ರಕಾರ ಆ ಸಭೆಯಲ್ಲಿ ಹೆಚ್ಚು ಆಸ್ತಿ ಇದ್ದವನಿಗೆ ಆರರವರೆಗೆ ಓಟು! ಕಾಲು ಸಿಕ್ಕಿಸುವ ಕೊರಡು ಇಂಗ್ಲೆಂಡಿನ ಹಳ್ಳಿಗಳಲ್ಲೂ ಇತ್ತು. ಮನ್ರೋ ಸಾಹೇಬನ ಕಾಲದವರಿಗೆ ಅದು ಹೊಸದೇನಲ್ಲ.

ವಾರ್ವಿಕ್‌ಶೈರಿನಲ್ಲಿ ಬಾರ್‌ಫರ್ಡ್ ಎಂಬ ಸಣ್ಣ ಹಳ್ಳಿ ಇದೆ. 1826ರಲ್ಲಿ ಅಲ್ಲಿ ಕೂಲಿಕಾರನ ಮಗನಾಗಿ ಜೋಸೆಫ್ ಆರ್ಚ್ ಹುಟ್ಟಿದ. ಹುಡುಗನಾಗಿದ್ದಾಗ ಚರ್ಚಿನ ಬಾಗಿಲಿನ ಕೀಲಿ ತೂತಿನಿಂದ ಒಳಗೆ ಇಣುಕಿ ನೋಡಿದ್ದನ್ನು ಅವನು ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ದೇವರ ಪ್ರಸಾದಕ್ಕೆ ಮೊದಲು ಸ್ಕ್ವೈರ್ ಎದ್ದು ಹೋದ. ಆಮೇಲೆ ದೊಡ್ಡ ರೈತರು. ಆಮೇಲೆ ಅಂಗಡಿಯವರು, ಕಸುಬಿನವರು. ಎಲ್ಲರೂ ಮುಗಿಸಿ ಬಂದ ಮೇಲೆ, ಕಟ್ಟಕಡೆಗೆ, ಬಡ ಕೂಲಿಕಾರರು. ಅವರಲ್ಲಿ ಅವನ ಅಪ್ಪನೂ ಇದ್ದ. ತಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ ಅಂತ ಹುಡುಗ ಆವತ್ತೇ ಗಟ್ಟಿ ಮಾಡಿಕೊಂಡ. ಇದನ್ನು ಓದಿದಾಗ ನನಗೆ ನಮ್ಮೂರ ಜಾತ್ರೆಯ ಪ್ರಸಾದ ನೆನಪಾಯಿತು. ನಮಗೆ ಸಾಲಿನ ಕೊನೆಯೂ ಇರಲಿಲ್ಲ ಅನ್ನುವುದು ಬೇರೆ ಮಾತು. ಅಲ್ಲಿ ಕೂಲಿಕಾರ ಕೊನೆಗಾದರೂ ಅದೇ ಬಟ್ಟಲಿಗೆ ಬಾಯಿ ಹಚ್ಚುತ್ತಿದ್ದ. ವರ್ಗಕ್ಕೂ ಜಾತಿಗೂ ಇರುವ ಅಂತರ ಆ ಬಟ್ಟಲಿನಲ್ಲಿದೆ.

ಆ ಹುಡುಗ ಬೆಳೆದು 1872ರಲ್ಲಿ ಕೃಷಿ ಕೂಲಿಕಾರರ ರಾಷ್ಟ್ರೀಯ ಸಂಘ ಕಟ್ಟಿದ. 1885ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಹೋದ. 1894ರಲ್ಲಿ ಬಂದ ಕಾಯಿದೆ ಊರಿನ ಲೌಕಿಕ ಆಡಳಿತವನ್ನು ಚರ್ಚಿನಿಂದ ಬಿಡಿಸಿ, 300 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಚುನಾಯಿತ ಮಂಡಳಿ ಕೊಟ್ಟಿತು. ಒಬ್ಬರಿಗೆ ಒಂದೇ ಓಟು, ಹೆಂಗಸರೂ ನಿಲ್ಲಬಹುದು. ಸ್ಕ್ವೈರ್ ಅಧಿಕಾರ ಒಂದೇ ದಿನಕ್ಕೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಹಲವು ಕಡೆ ಅವನೇ ಆರಿಸಿ ಬಂದ. ಆದರೆ ಕೂಲಿಕಾರನಿಗೆ ಕೂಡ್ರಲು ಹಕ್ಕಿನ ಒಂದು ಜಾಗವಾಯಿತು. ಅದು ಸ್ಕ್ವೈರ್ ಕೊಟ್ಟ ಭಿಕ್ಷೆಯಲ್ಲ. ಹಳ್ಳಿಯ ಒಳಗಿನ ಹಿರಿತನವನ್ನು ಹೊರಗಿನ ಸಂಘಟನೆ, ಹೊರಗಿನ ಕಾಯಿದೆ ಬಂದು ಮುರಿದವು.

ಬಾಬಾಸಾಹೇಬರು ಹೇಳಿದ್ದೂ ಇದನ್ನೇ ಅಲ್ಲವೆ? 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಅವರು ಮಹಾರ್ ವತನದ ವಿರುದ್ಧ ಮಸೂದೆ ತಂದರು. ಮಹಾರ್ ವತನ ಅಂದರೆ ನಮ್ಮ ವಾಲಿಕಾರಿಕೆಯ ಅಣ್ಣ: ಒಂದು ತುಂಡು ನೆಲಕ್ಕೆ ಇಡೀ ಕುಲ ಸರ್ಕಾರಕ್ಕೂ ಊರಿಗೂ ಹಗಲಿರುಳು ಬಿಟ್ಟಿ. ಆ ನೆಲದ ಆಸೆಯೇ ಕಾಲಿನ ಸರಪಳಿ ಎನ್ನುವುದು ಅವರ ವಾದ. 1932ರ ಅಕ್ಟೋಬರಿನಲ್ಲಿ ಅದೇ ಸಭೆಯಲ್ಲಿ ಗ್ರಾಮ ಪಂಚಾಯಿತಿ ಮಸೂದೆ ಬಂದಾಗ, ನಮಗೆ ಮೀಸಲು ಪ್ರಾತಿನಿಧ್ಯ ಇಲ್ಲದ ಪಂಚಾಯಿತಿಯ ಕೈಗೆ ನ್ಯಾಯ ಕೊಡಬೇಡಿ ಎಂದು ವಿರೋಧಿಸಿದರು. 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನ ಇನ್ನೂ ಮುಂದೆ ಹೋಗಿ ಪರಿಶಿಷ್ಟರಿಗೆ ಬೇರೆ ಹಳ್ಳಿಗಳೇ ಬೇಕೆಂದು ಠರಾವು ಮಾಡಿತು. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುವಾಗ, ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಘಟಕವಾಗಿ ಹಿಡಿದಿದ್ದೇವೆ ಎಂದು ಅವರು ಸಂತೋಷಪಟ್ಟರು. ಆ ಸಭೆಯಲ್ಲಿ ಎಷ್ಟೋ ಜನರಿಗೆ ಅದು ಕಹಿಯಾಯಿತು. ಅದೇ ತಿಂಗಳ 22ಕ್ಕೆ ಗ್ರಾಮ ಪಂಚಾಯಿತಿಗಳನ್ನು ಕಟ್ಟಬೇಕೆನ್ನುವ ಮಾತು ಸಂವಿಧಾನದೊಳಗೆ ಸೇರಿತು, ಈಗಿನ 40ನೇ ವಿಧಿ. ನಮ್ಮ ಕಡೆ ಆಗಿನ್ನೂ ಎರಡು ತಿಂಗಳ ಹಿಂದಷ್ಟೇ ನಿಜಾಮನ ಆಳ್ವಿಕೆ ಮುಗಿದಿತ್ತು. ದಿಲ್ಲಿಯಲ್ಲಿ ಹಳ್ಳಿಯ ಮೇಲೆ ಮಾತು ನಡೆದಾಗ ನಮ್ಮ ಮುತ್ಯಾ ಬಹುಶಃ ಯಾರದೋ ಗಂಟು ಹೊತ್ತು ಮಾನ್ವಿ ದಾರಿಯಲ್ಲಿದ್ದ.

ಆಮೇಲಿನ ಕಾಯಿದೆಗಳ ಸಾಲು ಉದ್ದವಿದೆ. 1949ರಲ್ಲಿ ಜಾಗೀರು ರದ್ದು. 1950ರಲ್ಲಿ ಹೈದರಾಬಾದ್ ಗೇಣಿ ಕಾಯಿದೆ. 1974ರ ಭೂಸುಧಾರಣೆ. ಉಳುವವನೇ ಹೊಲದೊಡೆಯ ಅಂದರು. ನಮ್ಮವರು ಉಳುತ್ತಿದ್ದರು, ನಿಜ. ಆದರೆ ಗೇಣಿಗೆ ಉಳುತ್ತಿರಲಿಲ್ಲ, ಕೂಲಿಗೆ, ಜೀತಕ್ಕೆ ಉಳುತ್ತಿದ್ದರು. ಗೇಣಿದಾರನ ಕಾಲಂನಲ್ಲಿ ಜೀತದಾಳಿನ ಹೆಸರು ಎಲ್ಲಿ ಬರಬೇಕು? 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಬಂತು. ಸಿಂಧನೂರು, ಮಾನ್ವಿಯ ಎರೆ ಹೊಲಗಳಿಗೆ ಆಂಧ್ರದಿಂದ ರೊಕ್ಕ ಹಿಡಿದುಕೊಂಡು ಬಂದವರು ಕ್ಯಾಂಪುಗಳನ್ನು ಕಟ್ಟಿದರು. ಜೋಳ ಹೋಗಿ ಭತ್ತ ಬಂತು. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನೀರು ಕುಡಿದರೆ ಕೊನೆಭಾಗದ ಮಾನ್ವಿ, ರಾಯಚೂರಿಗೆ ಬರೇ ಕಾಲುವೆ. ನೆಲದ ಬೆಲೆ ಏರಿತು ನೋಡಿ, ಆಗಲೇ ವಾಲಿಕಾರನ ಕಲ್ಲುನೆಲದ ಮೇಲೂ ಕಣ್ಣು ಬಿತ್ತು.

ಇದರ ನಡುವೆ 1961ರಲ್ಲಿ ಮೈಸೂರು ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶದ ಗೌಡಿಕೆ, ಕುಲಕರ್ಣಿಕೆ, ವಾಲಿಕಾರಿಕೆ ಒಂದೇ ಏಟಿಗೆ ಹೋದವು. ಸಂಬಳದ ಗ್ರಾಮ ಲೆಕ್ಕಿಗ ಬಂದ. ಸ್ವಾತಂತ್ರ್ಯದ ನಂತರ ನಮ್ಮ ಹಳ್ಳಿಗಳಿಗೆ ಬಂದ ಅತ್ಯಂತ ದೊಡ್ಡ ಕಾಯಿದೆ ಇದೇ ಅಂತ ನನ್ನ ಎಣಿಕೆ. ಇದರ ಮೇಲೆ ಒಂದು ಒಳ್ಳೆಯ ಲೇಖನವನ್ನೂ ನಮ್ಮವರು ಬರೆದದ್ದನ್ನು ನಾನು ಓದಿಲ್ಲ. ಬಿಟ್ಟಿ ಚಾಕರಿ ಕಾಯಿದೆಯಲ್ಲಿ ಮುಗಿಯಿತು. ಚಾಕರಿಗೆ ಕೊಟ್ಟಿದ್ದ ನೆಲವನ್ನು ಸರ್ಕಾರ ವಾಪಸು ತೆಗೆದುಕೊಂಡು, ಬೆಲೆ ಕಟ್ಟಿಸಿಕೊಂಡು, ಹಿಡಿದವರಿಗೇ ತಿರುಗಿ ಮಂಜೂರು ಮಾಡಬೇಕು ಅಂತ ನಿಯಮ.

ಗೌಡರ ಮನೆಗಳು ಬೆಲೆ ಕಟ್ಟಿದವು, ಕಾಗದ ಮಾಡಿಕೊಂಡವು. ನಮ್ಮ ಮುತ್ಯಾನಿಗೆ ಕಟ್ಟುವ ರೊಕ್ಕವೂ ಇರಲಿಲ್ಲ, ಕಟ್ಟಬೇಕು ಅನ್ನುವ ತಿಳಿವಳಿಕೆಯೂ ಇರಲಿಲ್ಲ. ಚಾಕರಿ ಹೋಯಿತು ಅಂದಾಗ ಹೊಲವೂ ಹೋಯಿತು ಅಂತಲೇ ಅವನು ತಿಳಿದ. ಊರ ಹಿರಿಯರೊಬ್ಬರು, ಹೆಸರು ಬೇಡ, "ನಾ ಕಟ್ಟತೀನಿ ತಗೋ, ನೀ ಹೆಬ್ಬಟ್ಟು ಒತ್ತು" ಅಂದರು. ಒತ್ತಿದ. ಆಮೇಲೆ ಅದೇ ಹೊಲದಲ್ಲಿ ನಮ್ಮಪ್ಪ ಕೂಲಿಗೆ ಹೋದ. 1978ರಲ್ಲಿ ಆ ಕಾಯಿದೆಗೆ ತಿದ್ದುಪಡಿ ಬಂದು ಹೀಗೆ ಮಂಜೂರಾದ ನೆಲವನ್ನು 15 ವರ್ಷ ಮಾರಬಾರದು ಅಂತ ಆಯಿತು. ನಮ್ಮ ಮನೆಯಲ್ಲಿ ಮಾರಾಟ ಅದಕ್ಕೆ ಮೊದಲೇ ಮುಗಿದಿತ್ತು.

ಪಂಚಾಯಿತಿಯ ಮಾತು ಇನ್ನು. 1956ರಲ್ಲಿ ಹೈದರಾಬಾದಿನ ಗ್ರಾಮ ಪಂಚಾಯಿತಿ ಕಾಯಿದೆ, 1959ರಲ್ಲಿ ಮೈಸೂರಿನದು. ಪರಿಶಿಷ್ಟರಿಗೆ ಸ್ಥಾನ ಮೀಸಲಿಟ್ಟರು. ಚೇರ್ಮನ್ನರು ಮಾತ್ರ ಹೆಚ್ಚಾಗಿ ಹಳೇ ಚಾವಡಿಯವರೇ. ಮೀಸಲು ಮೆಂಬರನ ಹೆಬ್ಬಟ್ಟಿಗೆ ಪುಸ್ತಕವನ್ನು ಕೇರಿಗೇ ಕಳಿಸುತ್ತಿದ್ದರು, ಅವನಿಗೆ ನಡೆಯುವ ತ್ರಾಸು ತಪ್ಪಲಿ ಅಂತ! 1983ರ ಕಾಯಿದೆ, ಅಬ್ದುಲ್ ನಜೀರ್ ಸಾಬರು ನಿಂತು ಕಟ್ಟಿದ್ದು, ಮಂಡಲ ಪಂಚಾಯಿತಿ ತಂದಿತು. 1987ರಲ್ಲಿ ಚುನಾವಣೆ, ಪರಿಶಿಷ್ಟರಿಗೆ ಕನಿಷ್ಠ ನೂರಕ್ಕೆ 18, ಹೆಂಗಸರಿಗೆ 25. ಕುಡಿಯುವ ನೀರಿನ ಬೋರ್‌ವೆಲ್ಲು ಕೇರಿಗೆ ಬಂದದ್ದು ಆ ಕಾಲದಲ್ಲಿ. ಆದ್ದರಿಂದ ನಮ್ಮ ಅವ್ವಂದಿರು ಆ ಮಂತ್ರಿಯನ್ನು ನೀರು ಸಾಬ ಅಂತಲೇ ಕರೆದರು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ, ರಾಜ್ಯದ ಹೊಸ ಕಾಯಿದೆ. ಈ ಸಲ ಅಧ್ಯಕ್ಷ ಸ್ಥಾನಕ್ಕೂ ಮೀಸಲಾತಿ, ಅದೂ ಸರದಿಯ ಮೇಲೆ. ಚಾವಡಿಗೆ ನಿಜವಾದ ಬಿಸಿ ಮುಟ್ಟಿದ್ದು ಇಲ್ಲಿ.

ಬಿಸಿ ಮುಟ್ಟಿದವರು ಸುಮ್ಮನೆ ಕೂಡ್ರುತ್ತಾರೆಯೆ? 2020ರ ಡಿಸೆಂಬರಿನ ಚುನಾವಣೆಯಲ್ಲಿ ರಾಜ್ಯದ ಹಲವು ಹಳ್ಳಿಗಳಲ್ಲಿ ಗುಡಿಗೆ ರೊಕ್ಕ ಕೊಡುವ ನೆಪದಲ್ಲಿ ಸ್ಥಾನಗಳನ್ನು ಲಿಲಾವು ಮಾಡಿದ ಸುದ್ದಿ ಬಂತು, ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಅವಿರೋಧ ಆಯ್ಕೆ ಅಂತ ಪತ್ರಿಕೆಯಲ್ಲಿ ಬಂದಾಗ ಎಷ್ಟೋ ಜನ ಇದು ಊರಿನ ಒಗ್ಗಟ್ಟು ಅಂತ ಮೆಚ್ಚುತ್ತಾರೆ. ಕೇರಿಗೆ ವಿರೋಧಿಸಲು ಇರುವ ಒಂದೇ ದಿನವನ್ನೂ ಹೊಡೆದುಕೊಂಡ ಒಗ್ಗಟ್ಟು ಅದು.

ನಾನೇ ಕಂಡ ಒಂದು ಗ್ರಾಮಸಭೆ ಹೇಳುತ್ತೇನೆ. ಊರು ಯಾವುದಾದರೇನು. ಅಧ್ಯಕ್ಷೆ ನಮ್ಮ ಕೇರಿಯ ಹೆಣ್ಣುಮಗಳು, ಎಸ್ಸೆಸ್ಸೆಲ್ಸಿ ಓದಿದ್ದಾಳೆ. ಮೇಜಿನ ಹಿಂದೆ ಅವಳ ಕುರ್ಚಿ ಇತ್ತು. ಪಕ್ಕದಲ್ಲಿ ಅಧಿಕಾರಿ, ಆ ಕಡೆ ಹಳೇ ಗೌಡರ ಮನೆಯವರು. ಅವರು ಮೆಂಬರೂ ಅಲ್ಲ. ಅವರು ಬಂದಾಗ ಆಕೆ ತಟ್ಟನೆ ಎದ್ದು ನಿಂತಳು. ಕೂಡು ಅಂತ ಅವರು ಹೇಳಲಿಲ್ಲ. ಸಭೆ ಮುಗಿಯುವ ತನಕ ಆಕೆ ಗೋಡೆಗೆ ಒರಗಿ ನಿಂತೇ ಇದ್ದಳು, ಕುರ್ಚಿ ಖಾಲಿ ಇತ್ತು. ಹೊರಗೆ ಬಂದ ಮೇಲೆ "ಯಾಕವ್ವ ಕೂಡ್ರಲಿಲ್ಲ?" ಅಂದೆ. "ಕಾಲು ತಾನೇ ಎದ್ದವು ಅಣ್ಣ. ನಾ ಎಬ್ಬಿಸಿದ್ದಿಲ್ಲ" ಅಂದಳು. ಮುಂದಿನ ಸಭೆಗೆ ನಾಲ್ಕು ಹೆಣ್ಣುಮಕ್ಕಳು ಮೊದಲೇ ಹೋಗಿ ಅವಳ ಕುರ್ಚಿಯ ಸುತ್ತ ನೆಲದ ಮೇಲೆ ಕೂತರು. ಆವತ್ತು ಅವಳು ಕೂತಳು. ಕೇರಿಯ ಚರಂಡಿಯ ಕೆಲಸ ಆವತ್ತೇ ಪಾಸಾಯಿತು. ಕುರ್ಚಿಗೂ ಚರಂಡಿಗೂ ಸಂಬಂಧ ಇಲ್ಲ ಅನ್ನುವವರು ಹಳ್ಳಿ ಕಂಡವರಲ್ಲ.

ರಾಯಚೂರು, ಮಾನ್ವಿ, ದೇವದುರ್ಗದ ಶಿಕ್ಷಕ ಗೆಳೆಯರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನ ಹಳೇ ದಾಖಲೆ ಕೇಳಿ. ಸೇತವಾರ, 1950ರ ದಶಕದ ಖಾಸ್ರಾ ಪಹಣಿ ಇವೆರಡು ಮುಖ್ಯ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಬರುತ್ತದೆ. ಉರ್ದು ಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅವರಿರುವಾಗಲೇ ಓದಿಸಿಕೊಳ್ಳಿ. ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿದೆ, ದಾಸರ ಪದಗಳಲ್ಲಿಲ್ಲ. ನಾನೂ ಹಾಗೇ ಮಾಡಿದೆ. ನಿವೃತ್ತರಾದ ಉರ್ದು ಮಾಸ್ತರರೊಬ್ಬರು ಕನ್ನಡಕ ಒರೆಸಿಕೊಂಡು ಬೆರಳು ಆಡಿಸುತ್ತ ಓದಿದರು. ಸರ್ವೆ ನಂಬರು ಸಿಕ್ಕಿತು, ನಾಲ್ಕು ಎಕರೆ ಸಿಕ್ಕಿತು. ಮುತ್ಯಾನ ಹೆಸರಿತ್ತು. ಹೆಸರಿನ ಮುಂದೆ ಒಂದು ಮಾತು ಇತ್ತು. ಮಾಸ್ತರರು ಸ್ವಲ್ಪ ತಡೆದು, "ಬೇಗಾರ ಅಂತ ಬರ್ದಾರ" ಅಂದರು.

ಆ ಕಾಗದ ಹಿಡಿದುಕೊಂಡು ವಕೀಲರ ಹತ್ತಿರ ಹೋದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ 1978ರ ಕಾಯಿದೆ ಇದೆಯಲ್ಲ, 2023ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ ಅರ್ಜಿಗೆ ಕಾಲಮಿತಿ ಇಲ್ಲ ಅಂತ ಮಾಡಿದ್ದಾರಲ್ಲ, ಆ ಧೈರ್ಯದ ಮೇಲೆ. ವಕೀಲರೂ ನಮ್ಮವರೇ. ಪುಸ್ತಕ ತೆಗೆದು ಮೊದಲ ಪುಟಗಳಲ್ಲಿ ಬೆರಳಿಟ್ಟರು. ಮಂಜೂರಾದ ಜಮೀನು ಅಂದರೆ ಯಾವುದು ಅಂತ ಅಲ್ಲಿ ಅರ್ಥ ಕೊಟ್ಟಿದೆ. ಭೂಸುಧಾರಣೆಯಲ್ಲಿ ಬಂದದ್ದು ಸೇರುತ್ತದೆ, ಭೂಮಿತಿಯಲ್ಲಿ ಬಂದದ್ದು ಸೇರುತ್ತದೆ, ಇನಾಮು ರದ್ದಾಗಿ ಬಂದದ್ದೂ ಸೇರುತ್ತದೆ. ವಂಶಪಾರಂಪರ್ಯದ ಹುದ್ದೆಗೆ ಸಂಬಂಧಿಸಿದ್ದು ಮಾತ್ರ ಸೇರುವುದಿಲ್ಲ.

"ಅಂದ್ರ ವಾಲಿಕಾರನ ಹೊಲ ಇದರಾಗ ಬರೂದಿಲ್ಲೇನ್ರೀ?" ಅಂದೆ.

ಅವರು ಆ ಸಾಲನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದರು.